ನೀರಿನ ಅಣು ಬಾಗಿರುವುದೇಕೆ?

ಹೋಟೆಲಿನ ಮೇಜಿನ ಮೇಲೆ ಒಂದು ಸೋಡಾ ಬಾಟಲಿಯನ್ನು ತಂದಿರಿಸಿದರೆ ಅದರೊಳಗೆ ಮುಖ್ಯವಾಗಿ ಇರುವುವು ಎರಡೇ ವಸ್ತುಗಳು: ನೀರು, ಮತ್ತು ಒತ್ತಡದಿಂದ ಅದರಲ್ಲಿ ಕರಗಿಸಿದ ಇಂಗಾಲದ ಡೈಆಕ್ಸೈಡ್ ಅನಿಲ. ಮುಚ್ಚಳ ತೆಗೆದೊಡನೆ ಬುಸುಗುಟ್ಟಿ ಹೊರಬೀಳುವುದು ಅನಿಲ. ಲೋಟದಲ್ಲಿ ಉಳಿಯುವುದು ನೀರು. ಶಾಲೆಯಲ್ಲಿ ಇವೆರಡರ ಸಂಕೇತಗಳನ್ನು ಕಲಿತವರಿಗೆ ಒಂದು ಸಾಮ್ಯವು ತೋರಿರಬಹುದು. ನೀರು 'ಎಚ್ ಟೂ ಓ'. ಅನಿಲವು 'ಸಿ ಓ ಟೂ'. ಎರಡರಲ್ಲಿಯೂ ಮೂರು ಮೂರು ಪರಮಾಣುಗಳು. ಎರಡರಲ್ಲಿಯೂ ಒಂದು ಜಾತಿಯ ಪರಮಾಣು ನಡುವೆ, ಇನ್ನೊಂದು ಜಾತಿಯವು ಎರಡು ಅದರ ಇಕ್ಕೆಲದಲ್ಲಿ. ಕಾಗದದ ಮೇಲೆ ಅವಳಿಗಳಂತೆ ಕಾಣುವ ಇವುಗಳಲ್ಲಿ ಅನಿಲದ ಅಣು ಕೋಲಿನಂತೆ ನೆಟ್ಟಗಿದೆ. ನೀರಿನ ಅಣು ಮಡಿಸಿದ ಮೊಣಕೈಯಂತೆ ಬಾಗಿದೆ. ಆ ಬಾಗಿನ ಕೋನವನ್ನು ಅಳೆದವರು ಅದು ೧೦೪.೫ ಡಿಗ್ರಿ ಎಂದು ಹೇಳುತ್ತಾರೆ.

ಹಲವು ವರ್ಷಗಳ ಹಿಂದೆ ನಾನು ಮುಂಬಯಿಯ ಒಂದು ರಾತ್ರಿ ಶಾಲೆಯಲ್ಲಿ ವಿಜ್ಞಾನವನ್ನು ಹೇಳಿಕೊಡುತ್ತಿದ್ದೆನು. ಹತ್ತನೆಯ ತರಗತಿಯ ಹುಡುಗರಲ್ಲಿ ಹೆಚ್ಚಿನವರು ಹಗಲು ಹೋಟೆಲುಗಳಲ್ಲಿ ದುಡಿಯುವವರು. ಒಂದು ರಾತ್ರಿ ಪುಸ್ತಕದಲ್ಲಿದ್ದ ಈ ಎರಡು ಚಿತ್ರಗಳನ್ನು ಹಲಗೆಯ ಮೇಲೆ ಬರೆದೆ. ಹಿಂದಿನ ಬೆಂಚಿನಿಂದ ಒಬ್ಬನು ಎದ್ದು ನಿಂತನು. ಇಡೀ ದಿನ ತಟ್ಟೆ ಲೋಟ ತೊಳೆದು ಬೆರಳುಗಳ ತುದಿ ಬಿಳಿಚಿ ಸುಕ್ಕುಗಟ್ಟಿದ್ದ ಹುಡುಗ.

"ಮಾಸ್ತರೇ, ಒಂದನ್ನು ನೆಟ್ಟಗೆ ಬರೆದಿರಿ, ಇನ್ನೊಂದನ್ನು ಸೊಟ್ಟಗೆ ಬರೆದಿರಿ. ಯಾಕೆ? ಯಾರು ಹೋಗಿ ನೋಡಿ ಬಂದಿದ್ದಾರೆ?"

ತರಗತಿ ನಕ್ಕಿತು. ನಾನೂ ನಕ್ಕೆ. "ಪುಸ್ತಕದಲ್ಲಿ ಹಾಗಿದೆ, ಹಾಗೆಯೇ ಬರೆದುಕೋ. ಪರೀಕ್ಷೆಗೆ ಇದು ಬರುವುದಿಲ್ಲ" ಎಂದುಬಿಟ್ಟೆ. ಅವನು ಕುಳಿತನು. ಆ ವರ್ಷವೆಲ್ಲ ಮತ್ತೊಂದು ಪ್ರಶ್ನೆಯನ್ನು ಅವನು ಕೇಳಲಿಲ್ಲ. ನಿಜ ಹೇಳಬೇಕೆಂದರೆ ಉತ್ತರವು ಆಗ ನನಗೂ ತಿಳಿದಿರಲಿಲ್ಲ. ಅನಂತರ ಓದಿ ತಿಳಿದುಕೊಂಡುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವನ ಎರಡನೆಯ ಪ್ರಶ್ನೆಯನ್ನು ಅವನಿಗಿಂತ ಬಹು ಹಿಂದೆ ಜರ್ಮನಿಯ ಒಬ್ಬ ಮಹಾಪಂಡಿತನೂ ಕೇಳಿದ್ದನು. ಆ ಕಥೆಗೆ ಹುಣಿಸೆಹಣ್ಣಿನಿಂದ ಆರಂಭಿಸಬೇಕು. ನಮ್ಮ ಸಾರು, ಸಾಂಬಾರುಗಳಿಗೆ ಹುಣಿಸೆಯು ಕೊಡುವ ಹುಳಿಯು ಮುಖ್ಯವಾಗಿ ಟಾರ್ಟಾರಿಕ್ ಆಮ್ಲದ್ದು. ಯೂರೋಪಿನಲ್ಲಿ ಇದೇ ಆಮ್ಲದ ಲವಣವು ದ್ರಾಕ್ಷಾರಸದ ಪೀಪಾಯಿಗಳ ತಳದಲ್ಲಿ ಗಟ್ಟಿಯಾಗಿ ಕೂಡುತ್ತಿತ್ತು. ೧೮೪೮ರಲ್ಲಿ ಪ್ಯಾರಿಸಿನಲ್ಲಿ ಲೂಯಿ ಪಾಸ್ಚರನು ಈ ಆಮ್ಲದ ಒಂದು ಬಗೆಯಿಂದ ದೊರೆತ ಲವಣದ ಹರಳುಗಳನ್ನು ಭೂತಗನ್ನಡಿಯ ಕೆಳಗೆ ಪರೀಕ್ಷಿಸಿದಾಗ ಅವುಗಳಲ್ಲಿ ಎರಡು ಬಗೆಗಳಿರುವುದನ್ನು ಕಂಡನು. ಒಂದು ಇನ್ನೊಂದರ ಕನ್ನಡಿಯ ಬಿಂಬ. ಬಲಗೈಗೆ ಎಡಗೈ ಹೇಗೋ ಹಾಗೆ. ಆಗ ಅವನ ವಯಸ್ಸು ೨೫. ಚಿಮುಟದಿಂದ ಒಂದೊಂದಾಗಿ ಹೆಕ್ಕಿ ಎರಡು ರಾಶಿ ಮಾಡಿದನು. ಎರಡನ್ನೂ ಬೇರೆ ಬೇರೆ ನೀರಿನಲ್ಲಿ ಕರಗಿಸಿ ಧ್ರುವೀಕೃತ ಬೆಳಕನ್ನು ಹಾಯಿಸಿದಾಗ ಒಂದು ದ್ರಾವಣವು ಬೆಳಕಿನ ಕಂಪನದ ದಿಕ್ಕನ್ನು ಬಲಕ್ಕೆ ತಿರುಗಿಸಿತು, ಇನ್ನೊಂದು ಅಷ್ಟೇ ಪ್ರಮಾಣದಲ್ಲಿ ಎಡಕ್ಕೆ ತಿರುಗಿಸಿತು. ಹರಳು ಕರಗಿ ಹೋದ ಮೇಲೆಯೂ ಎಡಬಲದ ಭೇದ ಉಳಿಯಿತೆಂದರೆ ಆ ಭೇದವು ಅಣುವಿನೊಳಗೇ ಇರಬೇಕು. ಆದರೆ ಎಲ್ಲಿ, ಹೇಗೆ? ೨೬ ವರ್ಷಗಳ ಕಾಲ ಯಾರೂ ಸಮರ್ಪಕವಾದ ಉತ್ತರ ಕೊಡಲಿಲ್ಲ.

೧೮೭೪ರ ಸೆಪ್ಟೆಂಬರಿನಲ್ಲಿ ಹಾಲೆಂಡಿನಲ್ಲಿ ವಾಂಟ್ ಹಾಫ್ ಎಂಬ ೨೨ ವರ್ಷದ ತರುಣನು ಡಚ್ ಭಾಷೆಯಲ್ಲಿ ಕೆಲವೇ ಪುಟಗಳ ಒಂದು ಕಿರುಹೊತ್ತಗೆಯನ್ನು ಅಚ್ಚು ಹಾಕಿಸಿದನು. ಆಗಿನ್ನೂ ಅವನಿಗೆ ಡಾಕ್ಟರ್ ಪದವಿಯೂ ಬಂದಿರಲಿಲ್ಲ. ಇಂಗಾಲದ ಪರಮಾಣುವಿನ ನಾಲ್ಕು ಬಂಧಗಳು ಕಾಗದದ ಮೇಲೆ ಬರೆಯುವಂತೆ ಒಂದೇ ಸಮತಲದಲ್ಲಿಲ್ಲ, ಅವು ಒಂದು ಚತುಷ್ಫಲಕದ ನಾಲ್ಕು ಮೂಲೆಗಳ ಕಡೆಗೆ ಚಾಚಿಕೊಂಡಿವೆ ಎಂಬುದು ಅವನ ವಾದ. ಚತುಷ್ಫಲಕವೆಂದರೆ ನಾಲ್ಕು ತ್ರಿಕೋನ ಮುಖಗಳುಳ್ಳ ಘನಾಕೃತಿ. ನಾವು ದಿನವೂ ಕರಿದು ತೆಗೆಯುವ ಸಮೋಸವು ಸರಿಸುಮಾರು ಅದೇ ಆಕಾರದ್ದು. ಎರಡು ತಿಂಗಳ ಮೇಲೆ ಫ್ರಾನ್ಸಿನ ಲೆ ಬೆಲ್ ಎಂಬವನು ತಾನಾಗಿಯೇ ಇಂಥದೇ ವಿಚಾರವನ್ನು ಪ್ರಕಟಿಸಿದನು.

ಅಣುವನ್ನು ಕಣ್ಣಿನಿಂದ ನೋಡದೆ ವಾಂಟ್ ಹಾಫನು ಇದನ್ನು ಹೇಗೆ ಹೇಳಿದನು? ಅವನು ಬಳಸಿದುದು ಕೇವಲ ಎಣಿಕೆ. ಅದರ ಸೊಗಸು ಕೇರಂ ಆಡುವವರಿಗೆ ಬೇಗ ತಿಳಿಯುತ್ತದೆ. ಮೀಥೇನ್ ಅನಿಲದಲ್ಲಿ ಒಂದು ಇಂಗಾಲ, ಅದರ ಸುತ್ತ ನಾಲ್ಕು ಜಲಜನಕ. ಇವು ಕೇರಂ ಹಲಗೆಯ ನಾಲ್ಕು ಕುಳಿಗಳಂತೆ ಚೌಕವಾಗಿ ಇವೆಯೆಂದು ಎಣಿಸಿರಿ. ಈಗ ಎರಡು ಜಲಜನಕಗಳನ್ನು ತೆಗೆದು ಆ ಜಾಗದಲ್ಲಿ ಎರಡು ಕ್ಲೋರಿನ್ ಪರಮಾಣುಗಳನ್ನು ಇರಿಸಬೇಕಾಗಿದೆ. ಅಕ್ಕಪಕ್ಕದ ಕುಳಿಗಳಲ್ಲಿ ಇರಿಸಬಹುದು. ಎದುರುಬದುರು ಮೂಲೆಗಳಲ್ಲಿಯೂ ಇರಿಸಬಹುದು. ಎಂದಮೇಲೆ ಎರಡು ಬೇರೆ ಬೇರೆ ವಸ್ತುಗಳು ದೊರೆಯಬೇಕಷ್ಟೆ. ಆದರೆ ರಸಾಯನಶಾಲೆಗಳಲ್ಲಿ ಎಷ್ಟು ಪ್ರಯತ್ನಿಸಿದರೂ ದೊರೆತದ್ದು ಒಂದೇ ವಸ್ತು. ಚತುಷ್ಫಲಕದಲ್ಲಾದರೋ ಯಾವ ಎರಡು ಮೂಲೆಗಳನ್ನು ಹಿಡಿದರೂ ಅವು ಅಕ್ಕಪಕ್ಕದವೇ; ಎದುರು ಮೂಲೆ ಎಂಬುದೇ ಇಲ್ಲ. ಆದುದರಿಂದ ಒಂದೇ ವಸ್ತು. ಇನ್ನು ನಾಲ್ಕು ಮೂಲೆಗಳಲ್ಲಿ ನಾಲ್ಕು ಬೇರೆ ಬೇರೆ ಗುಂಪುಗಳನ್ನು ಇರಿಸಿದರೆ ಒಂದಕ್ಕೊಂದು ಕನ್ನಡಿಯ ಬಿಂಬವಾಗಿರುವ ಎರಡು ಜೋಡಣೆಗಳು ತಾವಾಗಿ ಮೂಡುತ್ತವೆ. ಪಾಸ್ಚರನ ಎಡಬಲಗಳ ಗುಟ್ಟು ಇದೇ. ಸಂಶಯವಿದ್ದವರ ಸಲುವಾಗಿ ವಾಂಟ್ ಹಾಫನು ರಟ್ಟಿನಲ್ಲಿ ಪುಟ್ಟ ಪುಟ್ಟ ಮಾದರಿಗಳನ್ನು ಮಾಡಿ ರಸಾಯನಶಾಸ್ತ್ರಜ್ಞರಿಗೆ ಕಳುಹಿಸಿದನು.

ಮುಂದೆ ಅವನಿಗೆ ಉದ್ಯೋಗ ಸಿಕ್ಕಿದ್ದು ಉಟ್ರೆಕ್ಟಿನ ಪಶುವೈದ್ಯ ಶಾಲೆಯಲ್ಲಿ. ೧೮೭೭ರಲ್ಲಿ ಅವನ ಕೃತಿ ಜರ್ಮನ್ ಭಾಷೆಗೆ ಬಂದಾಗ ಲೈಪ್‌ಜಿಗ್‌ನ ಹೆರ್ಮನ್ ಕೋಲ್ಬೆಯು ತಾನು ನಡೆಸುತ್ತಿದ್ದ ಪತ್ರಿಕೆಯಲ್ಲಿ ಉರಿದೆದ್ದನು. ಕೋಲ್ಬೆಯೇನೂ ಸಾಮಾನ್ಯನಲ್ಲ, ಆ ಕಾಲದ ಅಗ್ರಗಣ್ಯರಲ್ಲೊಬ್ಬನು. ಪಶುವೈದ್ಯ ಶಾಲೆಯ ಈ ವೈದ್ಯನಿಗೆ ಪ್ರಯೋಗಗಳ ಶ್ರಮ ರುಚಿಸಿಲ್ಲ, ತನ್ನ ಶಾಲೆಯಿಂದ ರೆಕ್ಕೆಯ ಕುದುರೆಯನ್ನು ಎರವಲು ಪಡೆದು ಅದನ್ನೇರಿ ಆಕಾಶದಲ್ಲಿ ಪರಮಾಣುಗಳು ಹೇಗೆ ನಿಂತಿವೆಯೆಂದು ನೋಡಿಬಂದಿದ್ದಾನೆ ಎಂಬರ್ಥದಲ್ಲಿ ಹೀಯಾಳಿಸಿ ಬರೆದನು. 'ಯಾರು ಹೋಗಿ ನೋಡಿ ಬಂದಿದ್ದಾರೆ' ಎಂಬುದೇ ಅವನ ಮಾತಿನ ತಿರುಳು! ನಮ್ಮ ಹುಡುಗನು ತಿಳಿಯುವ ಆಸೆಯಿಂದ ಕೇಳಿದನು, ಕೋಲ್ಬೆಯು ತಿಳಿದಿರುವೆನೆಂಬ ಹಮ್ಮಿನಿಂದ ಕೇಳಿದನು, ವ್ಯತ್ಯಾಸ ಅಷ್ಟೇ. ಕೋಲ್ಬೆ ೧೮೮೪ರಲ್ಲಿ ತೀರಿಕೊಂಡನು. ೧೯೦೧ರಲ್ಲಿ ರಸಾಯನಶಾಸ್ತ್ರದ ಮೊತ್ತಮೊದಲ ನೊಬೆಲ್ ಪಾರಿತೋಷಕವು ವಾಂಟ್ ಹಾಫನಿಗೆ ಬಂದಿತು. ಅದು ದ್ರಾವಣಗಳ ಕುರಿತು ಅವನು ಮಾಡಿದ ಇತರ ಕೆಲಸಕ್ಕಾಗಿ ಬಂದದ್ದೆಂಬುದನ್ನೂ ಹೇಳಬೇಕು. ಸಮೋಸದ ಆಕಾರಕ್ಕೆ ಅವನಿಗೆ ಪಾರಿತೋಷಕವೇನೂ ದೊರೆಯಲಿಲ್ಲ.

ಇಂಗಾಲದ ನಾಲ್ಕು ಕೈಗಳು ಚತುಷ್ಫಲಕದ ಮೂಲೆಗಳತ್ತ ಚಾಚಿವೆಯೆಂಬುದು ಹೀಗೆ ತಿಳಿಯಿತು. ಏಕೆ ಹಾಗೆ ಚಾಚಿವೆ ಎಂಬುದು ತಿಳಿಯಲಿಲ್ಲ. ಅದಕ್ಕೆ ಎಲೆಕ್ಟ್ರಾನುಗಳ ಅರಿವು ಬೇಕಾಗಿತ್ತು. ೧೯೧೬ರಲ್ಲಿ ಅಮೆರಿಕದ ಗಿಲ್ಬರ್ಟ್ ಲೂಯಿಸನು, ಎರಡು ಪರಮಾಣುಗಳ ನಡುವಣ ಬಂಧವೆಂದರೆ ಅವೆರಡೂ ಹಂಚಿಕೊಂಡ ಒಂದು ಜೋಡಿ ಎಲೆಕ್ಟ್ರಾನುಗಳೆಂದು ತೋರಿಸಿದನು. ೧೯೪೦ರಲ್ಲಿ ಇಂಗ್ಲೆಂಡಿನ ಸಿಜ್‌ವಿಕ್, ಪೊವೆಲ್ ಎಂಬವರು ಅಣುವಿನ ಆಕಾರವು ನಡುವಣ ಪರಮಾಣುವಿನ ಸುತ್ತಲಿನ ಇಂಥ ಜೋಡಿಗಳ ಸಂಖ್ಯೆಯನ್ನು ಅವಲಂಬಿಸಿದೆಯೆಂದು ಹೇಳಿದರು. ೧೯೫೭ರಲ್ಲಿ ಲಂಡನ್ನಿನಲ್ಲಿದ್ದ ಗಿಲೆಸ್ಪಿ ಮತ್ತು ಆಸ್ಟ್ರೇಲಿಯ ಮೂಲದ ನೈಹೋಮ್ ಎಂಬ ಇಬ್ಬರು ಅದನ್ನು ಯಾವ ವಿದ್ಯಾರ್ಥಿಯೂ ಬಳಸಬಹುದಾದ ನಿಯಮವನ್ನಾಗಿ ಮಾಡಿದರು. ಹೊರಕವಚದಲ್ಲಿರುವ ಎಲೆಕ್ಟ್ರಾನು ಜೋಡಿಗಳು ಒಂದನ್ನೊಂದು ದೂರ ತಳ್ಳುತ್ತವೆ. ಆದಷ್ಟು ದೂರದೂರ ನಿಲ್ಲುತ್ತವೆ. ಆ ನಿಲುವೇ ಅಣುವಿನ ಆಕಾರ. ನಿಯಮವು ಇಷ್ಟೇ. ತಳ್ಳಾಟಕ್ಕೆ ಕಾರಣ ಬರಿಯ ವಿದ್ಯುತ್ತಿನ ವಿಕರ್ಷಣೆಯಲ್ಲ. ಒಂದೇ ಬಗೆಯ ಎಲೆಕ್ಟ್ರಾನುಗಳು ಒಂದೇ ಸ್ಥಾನದಲ್ಲಿ ಇರಲಾರವೆಂದು ಪೌಲಿಯು ೧೯೨೫ರಲ್ಲಿ ಕಂಡುಹಿಡಿದ ತತ್ತ್ವವೇ ಅದರ ಮೂಲ.

ರಾತ್ರಿಯ ಕೊನೆಯ ಲೋಕಲ್ ಗಾಡಿಯ ಖಾಲಿ ಡಬ್ಬಿಗೆ ನಾಲ್ವರು ಅಪರಿಚಿತರು ಹತ್ತಿದರೆ ನಾಲ್ವರೂ ನಾಲ್ಕು ಮೂಲೆಗಳ ಕಿಟಕಿಗಳನ್ನು ಹಿಡಿಯುತ್ತಾರಲ್ಲವೆ? ಹಾಗೆಯೇ ಇದು. ಆದರೆ ಡಬ್ಬಿಯ ನೆಲ ಚಪ್ಪಟೆ. ಪರಮಾಣುವಿನ ಸುತ್ತ ಮೇಲೆ ಕೆಳಗೆ ಎಲ್ಲ ದಿಕ್ಕುಗಳೂ ತೆರೆದಿವೆ. ಅಲ್ಲಿ ನಾಲ್ವರು ಎಲ್ಲಿ ನಿಲ್ಲುವರೆಂಬುದನ್ನು ಕಣ್ಣಾರೆ ನೋಡಬೇಕೆಂದರೆ ಮಕ್ಕಳ ಬಲೂನುಗಳು ಸಾಕು. ಸಮಗಾತ್ರದ ಎರಡು ಬಲೂನುಗಳನ್ನು ಊದಿ ಕುತ್ತಿಗೆಗಳನ್ನು ಒಟ್ಟಿಗೆ ಬಿಗಿಯಾಗಿ ಕಟ್ಟಿರಿ: ಅವು ಎದುರುಬದುರಾಗಿ ನೆಟ್ಟಗೆ ನಿಲ್ಲುತ್ತವೆ, ೧೮೦ ಡಿಗ್ರಿ. ಮೂರನ್ನು ಕಟ್ಟಿದರೆ ತ್ರಿಕೋನ, ೧೨೦ ಡಿಗ್ರಿ. ನಾಲ್ಕನೆಯದನ್ನು ಸೇರಿಸಿದೊಡನೆ ಕಟ್ಟು ತಾನಾಗಿ ಮಗುಚಿ ಚತುಷ್ಫಲಕವಾಗುತ್ತದೆ, ೧೦೯.೫ ಡಿಗ್ರಿ. ನಾಲ್ಕನ್ನೂ ಮೇಜಿನ ಮೇಲೆ ಚಪ್ಪಟೆಯಾಗಿ ಒತ್ತಿ ಕೈಬಿಟ್ಟು ನೋಡಿರಿ, ಮತ್ತೆ ಪುಟಿದು ಹಾಗೆಯೇ ನಿಲ್ಲುತ್ತವೆ. ಈ ಪ್ರಯೋಗವನ್ನು ನಾನು ಮೊದಲ ಬಾರಿ ಮಾಡಿದಾಗ ಮನೆಯ ಮಕ್ಕಳಿಗಿಂತ ನನಗೇ ಹೆಚ್ಚು ಸಂತೋಷವಾಯಿತೆಂದು ಒಪ್ಪಿಕೊಳ್ಳಬೇಕು. ಐದು ಕಟ್ಟಿದರೆ ಮೂರು ನಡುವಿನಲ್ಲಿ ಸುತ್ತುವರಿದು ಒಂದು ಮೇಲೆ, ಒಂದು ಕೆಳಗೆ. ಆರಾದರೆ ಮೇಲೆ, ಕೆಳಗೆ ಮತ್ತು ನಾಲ್ಕು ದಿಕ್ಕುಗಳಿಗೆ.

ಇನ್ನು ನೀರಿನ ಲೆಕ್ಕ. ಆಮ್ಲಜನಕದ ಹೊರಕವಚದಲ್ಲಿ ೬ ಎಲೆಕ್ಟ್ರಾನುಗಳಿವೆ. ಎರಡು ಜಲಜನಕಗಳು ಒಂದೊಂದನ್ನು ಕೊಡುತ್ತವೆ. ಒಟ್ಟು ೮, ಎಂದರೆ ೪ ಜೋಡಿ. ನಾಲ್ಕು ಜೋಡಿಗಳು ನಾಲ್ಕು ಬಲೂನುಗಳಂತೆ ಚತುಷ್ಫಲಕವಾಗಿ ನಿಲ್ಲುತ್ತವೆ. ಅವುಗಳಲ್ಲಿ ಎರಡರ ತುದಿಯಲ್ಲಿ ಮಾತ್ರ ಜಲಜನಕವಿದೆ. ಉಳಿದೆರಡು ಜೋಡಿಗಳನ್ನು ಹಂಚಿಕೊಳ್ಳಲು ಯಾರೂ ಇಲ್ಲ. ಇವನ್ನು 'ಒಂಟಿ ಜೋಡಿ'ಗಳೆನ್ನುತ್ತಾರೆ (ಜೋಡಿಯಾಗಿದ್ದೂ ಒಂಟಿ! ವಿಜ್ಞಾನಿಗಳ ಹೆಸರುಗಳು ಹೀಗೆಯೇ). ಅಣುವಿನ ಆಕಾರವೆಂದರೆ ಪರಮಾಣುಗಳ ನಿಲುವು ಮಾತ್ರ. ಚತುಷ್ಫಲಕದ ಎರಡು ಮೂಲೆಗಳನ್ನೂ ನಡುವಣ ಪರಮಾಣುವನ್ನೂ ಕೂಡಿಸಿದರೆ ನೆಟ್ಟನೆಯ ಗೆರೆ ಬರುವುದು ಸಾಧ್ಯವೇ ಇಲ್ಲ. ಬಾಗಿದ ಗೆರೆಯೇ ಬರಬೇಕು. ಕಣ್ಣಿಗೆ ಬೀಳದ ಎರಡು ಜೋಡಿಗಳು ಹಿಂದೆ ನಿಂತು ನೂಕುತ್ತಿರುವುದರಿಂದ ನೀರು ಬಾಗಿದೆ.

ಹಾಗಾದರೆ ಕೋನವು ೧೦೯.೫ ಡಿಗ್ರಿ ಇರಬೇಕಾಗಿತ್ತು, ೧೦೪.೫ ಏಕಾಯಿತು? ಬಂಧದಲ್ಲಿರುವ ಜೋಡಿಯನ್ನು ಎರಡು ಕಡೆಯಿಂದ ಎರಡು ಪರಮಾಣುಗಳು ಎಳೆದು ಹಿಡಿದಿರುತ್ತವೆ. ಅದು ತೆಳುವಾಗಿ ನೀಳವಾಗಿರುತ್ತದೆ. ಒಂಟಿ ಜೋಡಿಯನ್ನು ಹಿಡಿದಿರುವುದು ಒಂದೇ ಪರಮಾಣು. ಅದು ಹರಡಿಕೊಂಡು ಹೆಚ್ಚು ಜಾಗವನ್ನು ಆಕ್ರಮಿಸುತ್ತದೆ. ಹತ್ತು ಮಂದಿ ಮಲಗುವ ಕೋಣೆಯಲ್ಲಿ ಇಬ್ಬರು ಕೈಕಾಲು ಚಾಚಿ ಮಲಗಿದರೆ ಉಳಿದವರು ಒತ್ತಿಕೊಳ್ಳಬೇಕಾಗುವುದನ್ನು ನಮ್ಮಲ್ಲಿ ಅರಿಯದವರಾರು? ಅಮೋನಿಯದಲ್ಲಿಯೂ ಜೋಡಿಗಳು ನಾಲ್ಕೇ, ಆದರೆ ಒಂಟಿ ಜೋಡಿ ಒಂದೇ; ಅಲ್ಲಿ ಕೋನ ಸುಮಾರು ೧೦೭. ಮೀಥೇನಿನಲ್ಲಿ ಒಂಟಿ ಜೋಡಿಯೇ ಇಲ್ಲ, ಅಲ್ಲಿ ೧೦೯.೫. ಹೀಗೆ ಮೂರು ಮೆಟ್ಟಿಲು.

ಇಂಗಾಲದ ಡೈಆಕ್ಸೈಡಿನಲ್ಲಿ ಇಂಗಾಲದ ೪ ಎಲೆಕ್ಟ್ರಾನುಗಳೂ ಬಂಧಕ್ಕೆ ಖರ್ಚಾಗುತ್ತವೆ. ಪ್ರತಿಯೊಂದು ಆಮ್ಲಜನಕದೊಡನೆ ಎರಡೆರಡು ಬಂಧ. ಎರಡು ಬಂಧಗಳಾದರೂ ಅವು ಚಾಚುವ ದಿಕ್ಕು ಒಂದೇ. ಒಂಟಿ ಜೋಡಿಯೊಂದೂ ಇಂಗಾಲದ ಬಳಿ ಉಳಿಯುವುದಿಲ್ಲ. ಆದುದರಿಂದ ಎರಡೇ ದಿಕ್ಕು, ಎರಡು ಬಲೂನು, ನೆಟ್ಟನೆಯ ಅಣು. ಒಂದು ಪೆನ್ಸಿಲು, ಬಿಲ್ಲಿನ ಹಿಂಬದಿಯ ಖಾಲಿ ಕಾಗದ, ಇವಿಷ್ಟರಿಂದ ಉತ್ತರ ಬರುತ್ತದೆ. ಆ ರಾತ್ರಿ ಹಲಗೆಯ ಮೇಲೆ ಇದಕ್ಕೆ ಐದು ನಿಮಿಷ ಸಾಕಾಗುತ್ತಿತ್ತು.

'ಯಾರು ನೋಡಿದ್ದಾರೆ' ಎಂಬುದಕ್ಕೂ ಉತ್ತರವುಂಟು. ಆಮ್ಲಜನಕವು ಎಲೆಕ್ಟ್ರಾನುಗಳನ್ನು ತನ್ನೆಡೆಗೆ ಸೆಳೆಯುವ ಸ್ವಭಾವದ್ದು. ನೀರಿನ ಅಣು ಬಾಗಿರುವುದರಿಂದ ಅದರ ಆಮ್ಲಜನಕದ ಕಡೆ ತುಸು ಋಣ ವಿದ್ಯುತ್ತೂ ಜಲಜನಕಗಳ ಕಡೆ ತುಸು ಧನ ವಿದ್ಯುತ್ತೂ ನಿಲ್ಲುತ್ತದೆ. ನೆಟ್ಟಗಿರುವ ಅಣುವಿನಲ್ಲಿ ಎರಡು ಕಡೆಯ ಸೆಳೆತಗಳು ಹಗ್ಗಜಗ್ಗಾಟದಲ್ಲಿ ಸಮಬಲರಾದ ಎರಡು ಪಂಗಡಗಳಂತೆ ಒಂದನ್ನೊಂದು ಹೊಡೆದುಹಾಕುತ್ತವೆ. ವಿದ್ಯುತ್ತನ್ನು ತುಂಬಿದ ಎರಡು ಲೋಹದ ಫಲಕಗಳ ನಡುವೆ ಅನಿಲವನ್ನಾಗಲಿ ಆವಿಯನ್ನಾಗಲಿ ಇರಿಸಿ ಈ ಗುಣವನ್ನು ಅಳೆಯಬಹುದು. ಅದರ ಶಾಸ್ತ್ರವನ್ನು ಕಟ್ಟಿಕೊಟ್ಟ ಪೀಟರ್ ಡಿಬೈಗೆ ೧೯೩೬ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಅಳೆದಾಗ ನೀರಿನ ಆವಿಯ ಅಣುವಿಗೆ ಎರಡು ಧ್ರುವಗಳಿರುವುದು ಕಂಡುಬರುತ್ತದೆ. ಇಂಗಾಲದ ಡೈಆಕ್ಸೈಡಿಗೆ ಸೊನ್ನೆ. ಕೋನದ ನಿಖರವಾದ ಅಳತೆಯು ಅಣುಗಳು ಹೀರಿಕೊಳ್ಳುವ ಕಿರಣಗಳ ಪರಿಶೀಲನೆಯಿಂದ ದೊರೆತದ್ದು. ರೆಕ್ಕೆಯ ಕುದುರೆಯ ಅಗತ್ಯ ಬೀಳಲಿಲ್ಲ.

ಬಾಗಿದ್ದರೇನು, ನೆಟ್ಟಗಿದ್ದರೇನು ಎಂದು ಕೇಳುವವರು ತಟ್ಟೆ ತೊಳೆಯುವ ಜಾಗಕ್ಕೆ ಹೋಗಿ ನೋಡಬೇಕು. ಎರಡು ಧ್ರುವಗಳಿರುವ ನೀರಿನ ಅಣುಗಳು ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಉಪ್ಪಿನ ಕಣಗಳನ್ನೂ ಸಕ್ಕರೆಯನ್ನೂ ಹಿಡಿದು ಕರಗಿಸಿಕೊಳ್ಳುತ್ತವೆ. ಎಣ್ಣೆಯಾದರೋ ಬಹುಮಟ್ಟಿಗೆ ಇಂಗಾಲ ಜಲಜನಕಗಳ ಉದ್ದನೆಯ ಸರಪಣಿ. ಅದರಲ್ಲಿ ವಿದ್ಯುತ್ತು ಸಮನಾಗಿ ಹಂಚಿಹೋಗಿದೆ. ನೀರಿನ ಅಣುಗಳು ತಮ್ಮತಮ್ಮೊಳಗೆ ಕೈಹಿಡಿದು ಎಣ್ಣೆಯನ್ನು ಹೊರಗಿಡುತ್ತವೆ. ಅದಕ್ಕೇ ಬರಿಯ ನೀರಿಗೆ ಬಗ್ಗದ ಜಿಡ್ಡಿಗೆ ಸಾಬೂನು ಬೇಕಾಗುತ್ತದೆ. ಅದರ ಒಂದು ತುದಿ ನೀರಿನ ನಂಟ, ಇನ್ನೊಂದು ತುದಿ ಎಣ್ಣೆಯ ನಂಟ. ಆ ಹುಡುಗನ ಬೆರಳುಗಳನ್ನು ಸುಕ್ಕುಗಟ್ಟಿಸಿದ ದುಡಿಮೆಯ ಹಿಂದೆ ಅವನು ಕೇಳಿದ ಕೋನವೇ ಇತ್ತೆಂಬುದು ನನಗೆ ಅಂದು ಹೊಳೆಯಲಿಲ್ಲ.

ಮಂಜುಗಡ್ಡೆಯಲ್ಲಿ ಪ್ರತಿಯೊಂದು ನೀರಿನ ಅಣುವೂ ನಾಲ್ಕು ನೆರೆಯ ಅಣುಗಳನ್ನು ಹಿಡಿದಿರುತ್ತದೆ: ತನ್ನ ಎರಡು ಜಲಜನಕಗಳಿಂದ ಇಬ್ಬರನ್ನು, ತನ್ನ ಎರಡು ಒಂಟಿ ಜೋಡಿಗಳಿಂದ ಇನ್ನಿಬ್ಬರನ್ನು. ಮತ್ತೆ ಅದೇ ಚತುಷ್ಫಲಕ. ಈ ಜೋಡಣೆಯಲ್ಲಿ ನಡುನಡುವೆ ಬರಿಯ ಜಾಗ ಉಳಿಯುವುದರಿಂದ ಹೆಪ್ಪುಗಟ್ಟುವಾಗ ನೀರು ಶೇಕಡಾ ೯ರಷ್ಟು ಹಿಗ್ಗುತ್ತದೆ. ಶೈತ್ಯ ಪೆಟ್ಟಿಗೆಯಲ್ಲಿ ಮರೆತು ಇಟ್ಟ ತುಂಬಿದ ಗಾಜಿನ ಬಾಟಲಿ ಒಡೆಯುವುದೂ, ಚಳಿನಾಡಿನ ಸರೋವರಗಳಲ್ಲಿ ಮಂಜು ಮೇಲೆ ತೇಲಿ ಕೆಳಗಿನ ನೀರಿನಲ್ಲಿ ಮೀನುಗಳು ಬದುಕುವುದೂ ಇದರಿಂದಲೇ.

ಎಡಬಲಗಳ ಭೇದವನ್ನು ಮೂಗಿನಿಂದಲೇ ಪರೀಕ್ಷಿಸಬಹುದು. ಚಟ್ನಿಗೆ ಹಾಕುವ ಪುದೀನದ ಎಣ್ಣೆಯಲ್ಲಿಯೂ ಸಬ್ಬಸಿಗೆಯ ಬೀಜದ ಎಣ್ಣೆಯಲ್ಲಿಯೂ ಕಾರ್ವೋನ್ ಎಂಬ ವಸ್ತುವಿದೆ. ಸಂಕೇತ ಒಂದೇ, ಬಂಧಗಳೂ ಒಂದೇ; ಒಂದು ಇನ್ನೊಂದರ ಕನ್ನಡಿಯ ಬಿಂಬ, ಅಷ್ಟೆ. ಒಂದಕ್ಕೆ ಪುದೀನದ ಕಂಪು, ಇನ್ನೊಂದಕ್ಕೆ ಸಬ್ಬಸಿಗೆಯದು. ಪರಿಶುದ್ಧವಾದ ಎರಡನ್ನೂ ಮೂಸಿ ನೋಡಿ ೧೯೭೧ರಲ್ಲಿ ವಿಜ್ಞಾನಿಗಳು ಇದನ್ನು ಸ್ಥಿರಪಡಿಸಿದರು.

ತಿಳಿದುದನ್ನು ವಿವರಿಸುವುದು ಸುಲಭ. ತಿಳಿಯದುದನ್ನು ಮುಂದಾಗಿ ಹೇಳುವುದರಲ್ಲಿ ನಿಯಮದ ಸತ್ವವಿದೆ. ಗಿಲೆಸ್ಪಿ ಮತ್ತು ನೈಹೋಮ್ ಬರೆದಾಗ ಕ್ಸೆನಾನ್ ಎಂಬ ಅನಿಲವು ಯಾವುದರೊಡನೆಯೂ ಕೂಡದೆಂಬ ನಂಬಿಕೆಯಿತ್ತು. ೧೯೬೨ರಲ್ಲಿ ಕೆನಡಾದಲ್ಲಿ ನೀಲ್ ಬಾರ್ಟ್ಲೆಟ್ ಆ ನಂಬಿಕೆಯನ್ನು ಮುರಿದನು. ಅದೇ ವರ್ಷ ಕ್ಸೆನಾನಿನ ಫ್ಲೋರೈಡುಗಳು ಸಿದ್ಧವಾದವು. ಲೆಕ್ಕ ಮಾಡಿರಿ: ಕ್ಸೆನಾನಿನವು ೮, ನಾಲ್ಕು ಫ್ಲೋರಿನ್‌ಗಳಿಂದ ೪, ಒಟ್ಟು ೧೨; ಎಂದರೆ ೬ ಜೋಡಿ. ನಾಲ್ಕು ಬಂಧಕ್ಕೆ ಹೋದರೆ ಎರಡು ಒಂಟಿ. ದಪ್ಪನೆಯ ಆ ಎರಡು ಒಂದು ಮೇಲೆ, ಒಂದು ಕೆಳಗೆ ದೂರದೂರ ನಿಂತರೆ ಫ್ಲೋರಿನ್‌ಗಳಿಗೆ ಉಳಿಯುವುದು ನಡುವಿನ ಚೌಕ. ಅಳೆದು ನೋಡಿದಾಗ ಅಣು ಚೌಕವಾಗಿಯೇ ಇತ್ತು. ಇಂಗಾಲದಲ್ಲಿ ಹುಡುಕಿ ಸಿಗದ ಕೇರಂ ಹಲಗೆಯು ಇಲ್ಲಿ ಸಿಕ್ಕಿತು! ಆರು ಫ್ಲೋರಿನ್‌ಗಳುಳ್ಳ ಇನ್ನೊಂದು ವಸ್ತುವಿನ ಅಣು ಎಲ್ಲ ಕಡೆಯೂ ಸಮವಾಗಿರುವುದೆಂದು ಹಲವರು ನಿರೀಕ್ಷಿಸಿದ್ದರು. ಏಳನೆಯ ಒಂಟಿ ಜೋಡಿಯೊಂದಿದೆ, ಆಕಾರ ಕೆಡಲೇಬೇಕು ಎಂದು ಗಿಲೆಸ್ಪಿ ಹೇಳಿದನು. ಅವನ ಮಾತೇ ನಿಂತಿತು.

ಆದರೆ ನಿಯಮವು ಸರ್ವಜ್ಞವಲ್ಲ. ಗಂಧಕದೊಡನೆ ಎರಡು ಜಲಜನಕ ಸೇರಿದ, ಕೊಳೆತ ಮೊಟ್ಟೆಯ ನಾತದ ಅನಿಲದಲ್ಲಿ ಕೋನವು ಸುಮಾರು ೯೨ ಡಿಗ್ರಿ. ೧೦೯.೫ಕ್ಕಿಂತ ಕಡಿಮೆಯೆಂದು ಎಣಿಕೆ ಹೇಳೀತು, ಇಷ್ಟು ಕಡಿಮೆಯೆಂದು ಹೇಳಲಾರದು. ತಾಮ್ರ, ಕಬ್ಬಿಣ, ನಿಕ್ಕಲುಗಳ ಸಂಯುಕ್ತಗಳಲ್ಲಿ ಅದು ಅನೇಕ ಸಲ ದಾರಿ ತಪ್ಪುತ್ತದೆ. ಅಲ್ಲಿ ಬೇರೆ ಶಾಸ್ತ್ರವೇ ಬೇಕು.

ಜಾಗಕ್ಕಾಗಿ ನಡೆಯುವ ಈ ತಳ್ಳಾಟದಿಂದ ಆಕಾರವನ್ನು ಊಹಿಸುವ ಕೆಲಸವನ್ನು ನಮ್ಮ ದೇಶದವರೊಬ್ಬರು ಮಿಗಿಲಾದ ಎತ್ತರಕ್ಕೆ ಒಯ್ದರು. ಮದರಾಸು ವಿಶ್ವವಿದ್ಯಾನಿಲಯದಲ್ಲಿದ್ದ ಜಿ. ಎನ್. ರಾಮಚಂದ್ರನ್ ಅವರು ರಾಮಕೃಷ್ಣನ್, ಶಶಿಶೇಖರನ್ ಎಂಬ ಸಹೋದ್ಯೋಗಿಗಳೊಡನೆ ೧೯೬೩ರಲ್ಲಿ ಪ್ರೋಟೀನುಗಳ ಉದ್ದನೆಯ ಸರಪಣಿಯನ್ನು ಪರಿಶೀಲಿಸಿದರು. ಒಂದು ಪರಮಾಣುವಿನ ಜಾಗದಲ್ಲಿ ಇನ್ನೊಂದು ಕೂರಲಾರದು. ಹಾಗಾದರೆ ಸರಪಣಿಯ ಕೊಂಡಿಗಳು ಯಾವ ಯಾವ ಕೋನಗಳಲ್ಲಿ ತಿರುಗಬಲ್ಲವು, ಯಾವುದರಲ್ಲಿ ತಿರುಗಲಾರವು ಎಂಬುದನ್ನು ಗುಣಿಸಿ ಒಂದು ನಕ್ಷೆಯಲ್ಲಿ ಗುರುತಿಸಿದರು. ಆ ನಕ್ಷೆಯು ಅವರ ಹೆಸರಿನಿಂದಲೇ ಲೋಕಪ್ರಸಿದ್ಧವಾಗಿದೆ. ಪ್ರೋಟೀನಿನ ಹೊಸ ರಚನೆಯೊಂದನ್ನು ಕಂಡವರು ಅದು ಸರಿಯಾಗಿದೆಯೇ ಎಂದು ನೋಡಲು ಅದನ್ನು ಬಳಸುತ್ತಾರೆ. ಮುಂದೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ಜನರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟಿಗೆ, ಬಂದು ಅಲ್ಲಿ ಇದೇ ಶಾಸ್ತ್ರದ ಒಂದು ವಿಭಾಗವನ್ನು ಕಟ್ಟಿದರು.

ಆ ಹುಡುಗನು ಆ ವರ್ಷ ತೇರ್ಗಡೆಯಾದನು. ನೀರಿನ ಪ್ರಶ್ನೆಯು ಪರೀಕ್ಷೆಗೆ ಬರಲಿಲ್ಲ. ಅಷ್ಟರ ಮಟ್ಟಿಗೆ ನನ್ನ ಮಾತು ನಿಜವಾಯಿತು. ಅನಂತರ ಅವನು ಬೇರೆ ಹೋಟೆಲಿಗೆ ಹೋದನೆಂದು ಅವನ ಜತೆಯವರು ಹೇಳಿದರು.